ಶಿಕ್ಕಾ ಅಂಗಡಿಯ ಘರಪಟ್ಟಿ

ಅಂಗಡಿಯ ಘರಪಟ್ಟಿ, ಅಂದರೆ ಆಸ್ತಿ ತೆರಿಗೆ, ಕಟ್ಟುವುದರಲ್ಲಿ ನಗುವಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ ಎಂದೇ ನಾನೂ ಹೇಳುತ್ತೇನೆ. ರೊಕ್ಕ ಕೊಡಬೇಕು, ಪಾವತಿ ಚೀಟಿ ತರಬೇಕು, ಅಷ್ಟೇ. ಆದರೆ ನಾನು ಕಟ್ಟಲು ಹೋದ ವರ್ಷ ಏನಾದರೊಂದು ಫಜೀತಿ ಆಗದೆ ಇದ್ದದ್ದಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರೆ. ಈ ಪೋರನಿಗೆ ಈಗ ಅರವತ್ತೆರಡು.

ನನ್ನ ಕಸುಬು ಶಿಕ್ಕಾ ಮಾಡುವುದು. ಶಿಕ್ಕಾ ಎಂದರೆ ಕಚೇರಿಯವರು ಕಾಗದದ ಮೇಲೆ ಟಪ್ಪೆಂದು ಒತ್ತುತ್ತಾರಲ್ಲ, ಆ ರಬ್ಬರಿನ ಮೊಹರು. ಬೆಳಗಾವಿಯ ಖಾಸಬಾಗದಲ್ಲಿ ಒಂದೇ ಖೋಲಿಯ ಅಂಗಡಿ. ಹೆಂಡತಿ ಇರುವತನಕ ಹಿಂದವಾಡಿಯಲ್ಲಿ ಬಾಡಿಗೆ ಮನೆ ಇತ್ತು. ಆಕೆ ಮಧ್ಯಾಹ್ನ ಬುತ್ತಿ ತಂದು, ನಾನು ಉಣ್ಣುವಷ್ಟರಲ್ಲಿ ಒಂದು ಶಿಕ್ಕಾದ ಅಚ್ಚುಮೊಳೆ ಜೋಡಿಸಿ ಮುಗಿಸುತ್ತಿದ್ದಳು. ಉಲ್ಟಾ ಅಕ್ಷರವನ್ನು ನನಗಿಂತ ಬೇಗ ಓದುತ್ತಿದ್ದಳು. ಆಕೆ ಹೋಗಿ ನಾಲ್ಕು ವರ್ಷವಾಯಿತು. ಒಬ್ಬನಿಗೆ ಎರಡು ಬೀಗ ಯಾಕೆ ಎಂದು ಆ ಮನೆ ಬಿಟ್ಟು, ಅಂಗಡಿಯಲ್ಲೇ ಕಪಾಟಿನ ಹಿಂದೆ ಮಂಚ ಹಾಕಿಕೊಂಡೆ. ಮಕ್ಕಳಿಲ್ಲ. ಗಿರಾಕಿಗಳೂ ಇತ್ತೀಚೆಗೆ ಇಲ್ಲವೆಂದೇ ಹೇಳಬೇಕು. ಹೀಗಾಗಿ ಏಪ್ರಿಲ್ ಬಂತೆಂದರೆ ನನಗೆ ಒಂದು ಬಗೆಯ ಹಬ್ಬ. ಯಾರೂ ಕರೆಯದಿದ್ದರೂ ಹೋಗಬಹುದಾದ ಜಾಗ ಪಟ್ಟಿ ಕಟ್ಟುವ ಸಾಲೊಂದೇ.

ಸಾಲಿನಲ್ಲಿ ನಿಂತು ಕಟ್ಟುವುದು

ಇದು ಹೆಂಡತಿ ಇದ್ದಾಗಿನ ಮಾತು. ಏಪ್ರಿಲ್‌ನಲ್ಲೇ ಕಟ್ಟಿದರೆ ರಿಯಾಯಿತಿ ಇರುವುದರಿಂದ, ಏಪ್ರಿಲ್‌ನ ಕೊನೆಯ ದಿನ ಇಡೀ ಊರಿಗೆ ಒಮ್ಮೆಲೇ ಜ್ಞಾನೋದಯವಾಗುತ್ತದೆ. ಆ ವರ್ಷ ಸಾಲಿನಲ್ಲಿ ನನ್ನ ಮುಂದೆ ಪಾತ್ರೆ-ಭಾಂಡಿ ಅಂಗಡಿಯ ಸಾವ್ಕಾರರು ನಿಂತಿದ್ದರು. ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಕೌಂಟರಿಗೆ ಇನ್ನು ನಾಲ್ಕೇ ಮಂದಿ ಅನ್ನುವಾಗ ಒಳಗಿನಿಂದ ದನಿ ಬಂತು: "ಸರ್ವರ್ ಡೌನ್ ಆಗೈತಿ. ಕುಂದರ್ರಿ ಎಲ್ಲಾರೂ. ಇವತ್ತ ಎಷ್ಟು ಹೊತ್ತಾದ್ರೂ ತಗೋತೇವಿ."

ಸಾವ್ಕಾರರು ಆಕಾಶ ನೋಡಿದರು, ಕೌಂಟರ್ ನೋಡಿದರು, ಮತ್ತೆ ಆಕಾಶ ನೋಡಿದರು.

"ಮನಿಗೆ ಹೋದ್ರ ಪಾಳಿ ಹೋಗತದ, ಹೋಗಲಿಲ್ಲಂದ್ರ ಊಟ ಹೋಗತದ. ಏನ್ ಮಾಡೂಣು ಹೇಳ್ರಿ?" ಎಂದು ನನ್ನನ್ನೇ ಕೇಳಿದರು.

"ಊಟಾನ ಇಲ್ಲಿಗೆ ತರಸ್ರಿ" ಅಂದೆ.

ತರಿಸಿದರು. ಆದರೆ ಅವರ ಮನೆಯಲ್ಲಿ ಒಬ್ಬರಿಗೆ ಎಂದು ಬುತ್ತಿ ಕಟ್ಟುವ ರೂಢಿಯೇ ಇಲ್ಲವೋ ಏನೋ, ಸೊಸೆ ಎರಡು ದೊಡ್ಡ ಡಬ್ಬಿಗಳನ್ನು ಹೊತ್ತು ರಿಕ್ಷಾದಿಂದ ಇಳಿದಳು. ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. "ನಾ ಒಬ್ಬನ ಉಂಡ್ರ ಛಲೋ ಕಾಣೂದಿಲ್ಲ, ಬರ್ರಿ" ಎಂದು ಸಾವ್ಕಾರರು ಸಾಲನ್ನೇ ಕರೆದರು. ಕಚೇರಿಯ ಮುಂದಿನ ಕಟ್ಟೆಯ ಮೇಲೆ ಎಲ್ಲರೂ ಕೂತೆವು. ಪಾಳಿ ತಪ್ಪಬಾರದಲ್ಲ, ನಿಂತ ಕ್ರಮದಲ್ಲೇ ಕೂತೆವು. ಹೊತ್ತು ಮುಳುಗುವ ಮೊದಲು ಮುಗಿಸಬೇಕಾಗಿದ್ದುದು ಸಾವ್ಕಾರರೊಬ್ಬರೇ ಆದರೂ, ಅವಸರ ಮಾಡಿ ಉಂಡವರು ನಾವೆಲ್ಲ.

ಅಷ್ಟರಲ್ಲಿ ಒಳಗಿನ ಗುಮಾಸ್ತ ಓಡಿ ಬಂದ. "ಸರ್ವರ್ ಬಂತ್ರಿ, ಲಗೂ ಬರ್ರಿ!"

ಒಬ್ಬರೂ ಏಳಲಿಲ್ಲ. ಸಾವ್ಕಾರರು ಅವನ ಕೈಗೊಂದು ಚಪಾತಿ ಇಟ್ಟು, "ಈಗ ನಾವು ಡೌನ್ ಇದ್ದೇವ್ರಿ. ಕುಂದರ್ರಿ" ಎಂದರು. ಆತ ಸಾವ್ಕಾರರ ಬಾಜೂಕ್ಕೇ ಕೂರಲು ಹೋದ. ತುದಿಯಲ್ಲಿದ್ದವನೊಬ್ಬ ಕೂಗಿದ: "ಓ ಸಾಹೇಬ್ರ, ಹಿಂದ ಬರ್ರಿ! ಪಾಳಿ ಐತಿ!"

ನಾನು ಮನೆ ಮುಟ್ಟಿ, ಊಟ ಬೇಡ ಎಂದಾಗ ಹೆಂಡತಿ ನನ್ನ ಅಂಗಿಯ ಮೇಲೆ ಬಿದ್ದ ಮೊಸರು ನೋಡಿ ಕೇಳಿದಳು: "ಪಟ್ಟಿ ಕಟ್ಟಾಕ ಹೋಗಿದ್ರೋ, ಲಗ್ನಕ್ಕ ಹೋಗಿದ್ರೋ?"

ಫೋನಿನಲ್ಲಿ ಕಟ್ಟುವುದು

ಆಮೇಲೆ ಆನ್‌ಲೈನ್ ಬಂತು. ಆ ಹೊತ್ತಿಗೆ ನಾನು ಒಬ್ಬನೇ ಆಗಿದ್ದೆ. ಎದುರಿನ ಚಹಾದಂಗಡಿಯವನು ನನ್ನ ಫೋನು ತಗೊಂಡು ಏನೇನೋ ಒತ್ತಿ, "ಆತು ನೋಡ್ರಿ ಕಾಕಾ, ಕಣ್ಣು ಮುಚ್ಚಿ ತಗಿಯೂದ್ರಾಗ ಆತು" ಎಂದ. ಅಷ್ಟು ಬೇಗ ಆಗಿದ್ದೇ ನನಗೆ ಬೇಜಾರು. ಸಾಲಿಗೆಂದು ಒಗೆದ ಅಂಗಿ ಹಾಕಿಕೊಂಡು ಕೂತಿದ್ದೆ. ಇನ್ನು ಇಡೀ ದಿನ ಏನು ಮಾಡುವುದು?

ಪಾವತಿಯನ್ನು ಪ್ರಿಂಟ್ ತೆಗೆಸಿ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಇದು ಗಣಕಯಂತ್ರದಿಂದ ಸಿದ್ಧವಾದ ರಸೀದಿ, ಸಹಿ ಮತ್ತು ಮೊಹರಿನ ಅಗತ್ಯವಿಲ್ಲ.

ಮೂರು ಸಲ ಓದಿದೆ. ಮೂವತ್ತೈದು ವರ್ಷ ಮೊಹರು ಮಾಡಿದವನಿಗೆ, ಮೊಹರಿನ ಅಗತ್ಯವಿಲ್ಲ ಎಂದು ಹೇಳಲು ಅವನಿಂದಲೇ ರೊಕ್ಕ ತಗೊಂಡಿದ್ದರು. ಸಿಟ್ಟು ನೆತ್ತಿಗೇರಿತು. ಗೋಡೆಯ ಗೂಡಿನಲ್ಲಿ ಮಾದರಿಗೆಂದು ಇಟ್ಟಿದ್ದ 'ಸಂದಾಯವಾಗಿದೆ' ಎಂಬ ಶಿಕ್ಕಾ ತೆಗೆದು, ನೀಲಿ ಮಸಿ ಹಚ್ಚಿ, ಆ ಸಣ್ಣ ಅಕ್ಷರದ ಮೇಲೇ ಟಪ್ಪೆಂದು ಒತ್ತಿದೆ. ಆಗ ಅದು ಪಾವತಿ ಅನ್ನಿಸಿತು.

ಚಹಾದಂಗಡಿಯವನು ನೋಡಿದ. "ಹಿಂಗಿದ್ರ ಖರೇ ಕಾಗದ ಅನಸತದ ಕಾಕಾ. ನಂದಕ್ಕೂ ಒಂದ ಹೊಡೀರಿ." ಹೊಡೆದೆ. ಅವನು ಅದನ್ನು ಅಂಗಡಿಯಲ್ಲಿ ತೂಗುಹಾಕಿದ. ಮರುದಿನ ಟೇಲರ್ ಬಂದ, ಅವನ ಹಿಂದೆ ಕಿರಾಣಿಯವನು ಬಂದ. ಕಟ್ಟಿದ ರೊಕ್ಕ ಮೋಡದಲ್ಲಿ ಎಲ್ಲೋ ಹೋಗಿದೆ ಎಂಬ ಸಂಶಯ ಎಲ್ಲರಿಗೂ ಇತ್ತು. ಶಿಕ್ಕಾ ಬಿದ್ದ ಮೇಲೆ ನೆಮ್ಮದಿ. ನಾನು ಒಬ್ಬರಿಂದಲೂ ಪೈಸೆ ತಗೊಳ್ಳಲಿಲ್ಲ. ಬಂದವರು ಎರಡು ಮಾತಾಡಿ ಹೋಗುತ್ತಿದ್ದರು, ಅದೇ ಸಾಕಾಗಿತ್ತು. ಒಂದು ವಾರ ನನ್ನ ಅಂಗಡಿಯಲ್ಲಿ ಮನುಷ್ಯರ ಸದ್ದಿತ್ತು.

ಎಂಟನೆಯ ದಿನ ಒಬ್ಬ ಬಂದು ಲೈಟ್ ಬಿಲ್ಲು ಮುಂದಿಟ್ಟ. ನೋಡಿದರೆ ಕಟ್ಟಿಯೇ ಇಲ್ಲ.

"ಇದಿನ್ನಾ ಕಟ್ಟಿಲ್ಲಲ್ರಿ?" ಅಂದೆ.

"ಇಲ್ರಿ. ಮೊದಲ ನೀವು ಶಿಕ್ಕಾ ಹೊಡೀರಿ, ಆಮ್ಯಾಲೆ ಕಟ್ಟೂದೈತೋ ಇಲ್ಲೋ ನೋಡೂಣು."

ಅವತ್ತೇ ಆ ಶಿಕ್ಕಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಖಾನಾಪುರಕ್ಕೆ ಹೋಗಿ ಕಟ್ಟುವುದು

ನನ್ನ ಅಕ್ಕ ಖಾನಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಗಿರಣಿಯ ಕಲ್ಲು ಬಿಚ್ಚಿ, ಹಲ್ಲು ಕೆತ್ತಿಸಿ, ಮತ್ತೆ ಕೂರಿಸಬಲ್ಲ ಹೆಂಗಸು. ಆದರೆ ವರ್ಷಕ್ಕೊಮ್ಮೆ ಮಾತ್ರ ಫೋನಿನಲ್ಲಿ ದನಿ ಸಣ್ಣ ಮಾಡಿ, "ತಮ್ಮಾ, ಗಿರಣಿ ಪಟ್ಟಿ ಕಟ್ಟಬೇಕು. ನನಗೇನ್ ತಿಳೀತದ? ಬಂದು ಹೋಗು" ಅನ್ನುತ್ತಾಳೆ. ನಾನು ಬಸ್ಸು ಹತ್ತುತ್ತೇನೆ.

ದೀಪಾವಳಿ ಪಾಡ್ಯದ ದಿನ ಅವಳು ಗಿರಣಿಯ ಪೂಜೆ ಮಾಡುವಾಗ ಪಟ್ಟಿಯ ಪಾವತಿಯನ್ನೂ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚುತ್ತಾಳೆ. ಪ್ರತಿವರ್ಷ ಅದೇ ಹಳೆಯ ಪಾವತಿಗೆ. ಕಚೇರಿಗೆ ಒಯ್ಯುವುದೂ ಅದನ್ನೇ. ಕಳೆದ ಸಲ ನಾವಿಬ್ಬರೂ ಹೋದಾಗ ಕೌಂಟರಿನ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾವಶಿ, ನಂಬರ ದಿಸತ ನಾಹೀ" ಎಂದ. ಚಿಕ್ಕಮ್ಮಾ, ಆಸ್ತಿ ನಂಬರು ಕಾಣುತ್ತಿಲ್ಲ ಎಂದು ಮರಾಠಿಯಲ್ಲಿ. ಹೇಗೆ ಕಂಡೀತು? ಅದರ ಮೇಲೆ ಎಷ್ಟೋ ದೀಪಾವಳಿ ಕೂತಿದ್ದವು.

ಅವನು ಉಗುರಿನಿಂದ ಕೆರೆಯಲು ಹೋದ. ಅಕ್ಕ ಅವನ ಕೈಯನ್ನೇ ಹಿಡಿದಳು.

"ಏ ಬಾಳಾ, ಕೆರೀಬ್ಯಾಡೋ! ಲಕ್ಷ್ಮಿ ಅದಾಳ ಅಲ್ಲಿ!"

"ಲಕ್ಷ್ಮಿ ಇರಲಿ ಮಾವಶಿ, ನಂಬರ್ ಎಲ್ಲೈತಿ?"

ಪಾಪ, ಒಳ್ಳೆಯ ಹುಡುಗ. ಕಿಟಕಿಯ ಬೆಳಕಿಗೆ ಹಿಡಿದ, ಉಲ್ಟಾ ಹಿಡಿದ. ಮೂರೋ ಎಂಟೋ ಎಂದು ಸಾಲಿನಲ್ಲಿದ್ದವರೆಲ್ಲ ತಲಾ ಒಂದು ಅಭಿಪ್ರಾಯ ಕೊಟ್ಟರು. ಕೊನೆಗೆ ಭಾವನ ಹೆಸರಿನಿಂದ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದ. ತೆಗೆದವನೇ ಅಕ್ಕನ ಮುಖ ನೋಡಿದ.

"ಮಾವಶಿ, ಇದು ಹೋದ ವಾರನ ಕಟ್ಟೈತಲ್ಲ?"

ನಾನು ಅಕ್ಕನನ್ನು ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು. "ಬಾಜೂ ಮನಿಯಾಕಿ ಫೋನಿನ್ಯಾಗ ಕಟ್ಟಿ ಕೊಟ್ಳು" ಅಂದಳು ಮೆಲ್ಲಗೆ.

"ಮತ್ತ ನನ್ನ ಯಾಕ ಕರದಿ?"

"ಕಟ್ಟೈತಿ ಅಂದಿದ್ರ ನೀ ಬರತಿದ್ದೇನು?"

ನಾನೂ ಒಪ್ಪಿಕೊಂಡೆ. "ಕಟ್ಟಿದ್ದು ನನಗೂ ಗೊತ್ತಿತ್ತಕ್ಕಾ. ನಿನ್ನಿ ಸಂಜೀಕ ಫೋನಿನ್ಯಾಗ ನೋಡಿದ್ದೆ. ನಿನ್ನ ನಂಬರ್ ನನ್ನ ಡೈರಿಯೊಳಗ ಬರಕೊಂಡೇನಿ."

ಕೌಂಟರಿನ ಹುಡುಗ ಪಾವತಿ ಕೆಳಗಿಟ್ಟ. "ನಂಬರ್ ಡೈರ್ಯಾಗ ಇತ್ತೇನ್ರಿ? ಹಂಗಾದ್ರ ಒಂದು ತಾಸಿನಿಂದ ನಾ ಯಾಕ ಕುಂಕುಮ ಓದಾಕತ್ತೇನಿ?"

ಕಡಿಮೆ ಕಟ್ಟುವುದು

ಇನ್ನೊಂದು ದಾರಿ ಇದೆ. ಅಂಗಡಿಗೆ ಪಟ್ಟಿ ಹೆಚ್ಚು, ಮನೆಗೆ ಕಡಿಮೆ. ಆದ್ದರಿಂದ ಅಂಗಡಿಯನ್ನು ಮನೆ ಎಂದು ಬರೆಸಿಬಿಡುವುದು.

ನನ್ನ ಬಾಜೂಕ್ಕೆ ಒಂದು ಬೇಕರಿ ಇದೆ. ಹತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಇದ್ದರೂ ಆ ಬೇಕರಿಯವನ ಮತ್ತು ನನ್ನ ಮಾತು 'ಚಿಲ್ಲರ ಐತೇನ್ರಿ' ಎಂಬುದರ ಆಚೆ ಹೋಗಿರಲಿಲ್ಲ. ಓಣಿಯಲ್ಲಿ ಅಳತೆಗೆ, ಸರ್ವೆಗೆ ಬರುತ್ತಾರೆಂದು ಸುದ್ದಿಯಾದ ದಿನ ಅವನು ಬೋರ್ಡು ಇಳಿಸಿದ. ಗಾಜಿನ ಕಪಾಟಿಗೆ ಚಾದರ ಹೊದಿಸಿದ. ಬಾಗಿಲಿಗೆ ತುಳಸಿ ಕುಂಡ ಬಂತು, ರಂಗೋಲಿ ಬಂತು, ಹಗ್ಗದ ಮೇಲೆ ಹೆಂಡತಿಯ ಎರಡು ಸೀರೆ ಬಂದವು. ಬಿಸಿ ಪಾವ್ ಬ್ರೆಡ್ಡಿನ ವಾಸನೆಗೆ ಮಾತ್ರ ಏನೂ ಹೊದಿಸಲು ಆಗಲಿಲ್ಲ.

ಸರ್ವೆಗೆ ಬಂದವರು ಪಾಲಿಕೆಯ ನೌಕರಿಯ ಒಬ್ಬ ಹೆಣ್ಣುಮಗಳು, ನಮ್ಮ ಕಡೆ ಬಾಯಾರು ಅನ್ನುತ್ತೇವೆ; ಕೈಯಲ್ಲಿ ಟ್ಯಾಬು. "ಇದು ಮನಿ ಏನ್ರಿ?" ಎಂದು ಕೇಳುತ್ತಿದ್ದಾಗಲೇ ಒಬ್ಬ ಗಿರಾಕಿ ಒಳಗೆ ನುಗ್ಗಿದ.

"ಬರ್ರಿ, ಬರ್ರಿ! ನಮ್ಮ ಕಾಕಾನ ಮಗ ರೀ" ಎಂದ ಬೇಕರಿಯವನು. "ಊಟಕ್ಕ ಬಂದಾನ."

ಆ ಗಿರಾಕಿಗೆ ಬಾಯಿ ತೆರೆಯಲೂ ಬಿಡದೆ ಒಳಗೆ ಕರೆದೊಯ್ದು ತಾಟಿನ ಮುಂದೆ ಕೂರಿಸಿದರು. ಅಷ್ಟರಲ್ಲಿ ಇನ್ನೊಬ್ಬ ಬಂದ, ಅವನು ಅಳಿಯನಾದ. ಬ್ರೆಡ್ ಕೇಳಲು ಬಂದ ಒಬ್ಬ ಮುದುಕಿ ಸೋದರತ್ತೆಯಾದಳು. ಬಾಯಾರು ಬರೆದುಕೊಳ್ಳುತ್ತಾ, "ಭಾಳ ದೊಡ್ಡ ಕುಟುಂಬ ರೀ ನಿಮ್ಮದು" ಎಂದು ಹೊರಗೆ ಬಂದರು. ಬೇಕರಿಯವನು ಗೆದ್ದ. ಆದರೆ ಆ ಕಾಕಾನ ಮಗ ಮರುದಿನವೂ ಸರಿಯಾಗಿ ಊಟದ ಹೊತ್ತಿಗೆ ಬಂದು ಕೈ ತೊಳೆದುಕೊಂಡು ಕೂತನಂತೆ.

ಹೆಚ್ಚು ಕಟ್ಟುವುದು

ಬೇಕರಿಯಿಂದ ಹೊರಬಿದ್ದ ಬಾಯಾರು ನನ್ನ ಅಂಗಡಿಗೆ ಬಂದರು. ನಾನು ತುಳಸಿ ಇಟ್ಟಿರಲಿಲ್ಲ, ರಂಗೋಲಿ ಹಾಕಿರಲಿಲ್ಲ. ಆದರೂ ಅವರು ಕಪಾಟಿನ ಹಿಂದಿನ ಮಂಚ ನೋಡಿದರು, ಸ್ಟೋವು ನೋಡಿದರು, ಹಗ್ಗದ ಮೇಲಿನ ಧೋತರ ನೋಡಿದರು. ಏನೂ ಕೇಳದೆಯೇ ಟ್ಯಾಬಿನಲ್ಲಿ ಒತ್ತಿದರು.

"ಏನ್ ಬರದ್ರಿ ಬಾಯಾರ?"

"ಮನಿ ಅಂತ ಬರದೇನ್ರಿ ಕಾಕಾ."

"ಅಂಗಡಿ ರೀ ಇದು!"

"ಮನಿ ಅಂದ್ರ ಪಟ್ಟಿ ಕಮ್ಮಿ ಬರತದ, ನಿಮಗ ಛಲೋ ಆಗತದ."

"ನನಗ ಛಲೋ ಆಗೂದು ಬ್ಯಾಡ. ಅಂಗಡಿ ಅಂತ ಬರೀರಿ."

ಪಟ್ಟಿ ಹೆಚ್ಚು ಮಾಡಿ ಎಂದು ಜಗಳಕ್ಕೆ ನಿಂತ ಮನುಷ್ಯನನ್ನು ಅವರು ತಮ್ಮ ನೌಕರಿಯಲ್ಲಿ ಮೊದಲ ಸಲ ನೋಡುತ್ತಿದ್ದರು. ನನಗೆ ಮಾತ್ರ ನಗುವ ವಿಷಯವಾಗಿರಲಿಲ್ಲ. ಮನೆ ಎಂದು ಬರೆದುಬಿಟ್ಟರೆ ಅಂಗಡಿಯ ಲೈಸೆನ್ಸ್ ಸಿಗುವುದಿಲ್ಲ, ಬೋರ್ಡು ಇಳಿಸಬೇಕು. ಬೋರ್ಡು ಇಳಿದ ಮೇಲೆ ಅಲ್ಲಿ ಉಳಿಯುವುದು ಮಂಚದ ಮೇಲೆ ಕೂತ ಒಬ್ಬ ಮುದುಕ. ಷಟರ್ ಎತ್ತಲು ಬೆಳಿಗ್ಗೆ ಏಳುತ್ತೇನೆ. ಷಟರ್ ಇಲ್ಲದಿದ್ದರೆ ಯಾಕೆ ಏಳಬೇಕು?

"ಒಂದ ಖೋಲಿ ಐತಿ ಕಾಕಾ, ಮನಿ ಇಲ್ಲಾ ಅಂಗಡಿ, ಇದರಾಗ ಒಂದ ಒತ್ತಾಕ ಬರತದ. ಹಂಗಾರ ಹಿಂಗ ಮಾಡೂಣು" ಎಂದರು ಬಾಯಾರು. "ಓಣಿದೆಲ್ಲಾ ಇಲ್ಲೇ ಕುಂತು ಟ್ಯಾಬಿನ್ಯಾಗ ತುಂಬತೇನಿ. ನಾ ಹೋಗೂದರಾಗ ಒಬ್ಬ ಗಿರಾಕಿ ಬರಲಿ, ಅಂಗಡಿ ಅಂತನ ಬರೀತೇನಿ."

ಹನ್ನೊಂದಕ್ಕೆ ಕೂತರು. ಹನ್ನೆರಡಾಯಿತು. ನಾನು ಶಿಕ್ಕಾಗಳನ್ನೆಲ್ಲ ಒರೆಸಿಟ್ಟೆ. ಒಂದಾಯಿತು. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಒಂದು ನಾಯಿ ಬಾಗಿಲವರೆಗೆ ಬಂದು, ಇಬ್ಬರನ್ನೂ ನೋಡಿ ಹೋಯಿತು. ನನ್ನ ಅಂಗಡಿ ಇಷ್ಟು ಸುಮ್ಮನಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಇನ್ನೊಬ್ಬರು ಕೂತು ಕೇಳುವಾಗ ಗೊತ್ತಾಯಿತು. ನಾಚಿಕೆಯಾಯಿತು.

ಎರಡು ಗಂಟೆಗೆ ಚಹಾದಂಗಡಿಯವನು ಒಳಗೆ ಬಂದ. ಬಾಯಾರು ತಲೆ ಎತ್ತಿ, "ಗಿರಾಕಿ ಏನ್ರಿ?" ಎಂದರು. ನಾನು ಬಾಯಾರ ಹಿಂದಿನಿಂದ ಅವನಿಗೆ ಕಣ್ಣು ಮಾಡಿದೆ, ಕೈ ಮಾಡಿದೆ.

"ಅಲ್ರಿ, ಚಹಾ ತಂದೇನ್ರಿ" ಎಂದ ಪುಣ್ಯಾತ್ಮ.

ಆದರೆ ವಿಷಯ ತಿಳಿದುಕೊಂಡು ಹೋಗಿ ಬೇಕರಿಯವನಿಗೆ ಹೇಳಿದನಂತೆ. ಬಾಯಾರು ಚೀಲ ಹೆಗಲಿಗೇರಿಸುವ ಹೊತ್ತಿಗೆ ಬೇಕರಿಯವನು ಬಾಗಿಲಲ್ಲಿ ನಿಂತಿದ್ದ. ನಾಟಕದಲ್ಲಿ ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ, "ಕಾಕಾ! ನನಗೊಂದು ಶಿಕ್ಕಾ ಬೇಕಾಗಿತ್ರಿ!" ಎಂದ.

ನಾನು ಪೆನ್ನು ತಗೊಂಡೆ. "ಏನಂತ ಬರೀಬೇಕ್ರಿ?"

ಬೇಕರಿಯವನು ಬಾಯಿ ತೆರೆದ. ಬಾಯಾರನ್ನು ನೋಡಿದ. ಬಾಯಿ ಮುಚ್ಚಿದ.

"ನನ್ನ... ಹೆಸರು ಬರೀರಿ, ಸಾಕು."

"ಮನಿಯವ್ರಿಗೆ ಶಿಕ್ಕಾ ಯಾಕ್ರಿ?" ಎಂದರು ಬಾಯಾರು.

"ಕುಟುಂಬ ದೊಡ್ಡದೈತಲ್ರಿ, ನೀವ ಅಂದ್ರಲ್ಲ."

"ಆತು. ಇದು ಅಂಗಡಿ ಅಂತ ನಿಮಗ ಖಾತ್ರಿ ಐತೇನು?"

ಆಗ ಬೇಕರಿಯವನಿಗೆ ಖರೇ ಸಿಟ್ಟು ಬಂತು. "ಖಾತ್ರಿ ಅಂದ್ರ? ಹತ್ತು ವರ್ಷದಿಂದ ಗಲ್ಲಾದ ಮುಂದ ಕುಂತು ನೋಡಾಕತ್ತೇನ್ರಿ! ಮುಂಜಾನೆ ನಾ ಷಟರ್ ಎತ್ತಾಕ ಬಂದಾಗ ಈ ಕಾಕಾ ಷಟರ್ ಎತ್ತಿ ಕುಂತಿರತಾರ. ನನ್ನ ಭಟ್ಟಿ ಹತ್ತೂಕಿಂತ ಮೊದಲ ಇವರ ಊದಿನಕಡ್ಡಿ ಹತ್ತಿರತದ! ಗಿರಾಕಿ ಬರಲಿ ಬಿಡಲಿ, ಒಂದು ದಿನ ಬಾಗಲಾ ಮುಚ್ಚಿಲ್ಲ. ಇದು ಅಂಗಡಿ ಅಲ್ಲಂದ್ರ ಖಾಸಬಾಗದಾಗ ಯಾವ್ದೂ ಅಂಗಡಿ ಅಲ್ರಿ!"

ಯಾರೋ ನನ್ನನ್ನು ದಿನಾ ನೋಡುತ್ತಿದ್ದಾರೆಂದು ನನಗೆ ಅವತ್ತೇ ಗೊತ್ತಾದದ್ದು. ಬಾಯಾರಿಗೆ ಮಾತ್ರ ಬೇರೇನೋ ಗೊತ್ತಾಗಿತ್ತು.

"ಗಲ್ಲಾ ಅಂದ್ರಿ" ಎಂದರು. "ಷಟರ್ ಅಂದ್ರಿ. ಭಟ್ಟಿ ಅಂದ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವ ಹಾಗೆ ಬೇಕರಿಯವನು ಅಂಗಿಯ ಮೇಲಿನ ಮೈದಾ ಒರೆಸಿಕೊಂಡ. ಬಾಯಾರು ಎರಡು ಸಲ ಒತ್ತಿದರು. "ಕಾಕಾಂದು ಅಂಗಡಿ. ನಿಮ್ಮದೂ ಅಂಗಡಿ. ಬರತೇನ್ರಿ."

ಅವರು ಹೋದ ಮೇಲೆ ಬೇಕರಿಯವನು ಸ್ಟೂಲಿನ ಮೇಲೆ ಕೂತು ಹೇಳಿದ: "ಶಿಕ್ಕಾದ ಮ್ಯಾಲೆ ಬೇಕರಿ ಅಂತನ ಬರೀರಿ. ಇನ್ನೇನ್ ಮುಚ್ಚಿಡೂದೈತಿ?"

ಏಪ್ರಿಲ್‌ನಲ್ಲಿ ಇಬ್ಬರಿಗೂ ಹೊಸ ಬಿಲ್ಲು ಬಂತು. ಬಿಲ್ಲು ನೋಡಿ ಸಂತೋಷಪಟ್ಟವನು ಇಡೀ ಓಣಿಯಲ್ಲಿ ನಾನೊಬ್ಬನೇ. ಬೇಕರಿಯವನು ಸ್ಕೂಟರ್ ತಂದು, "ಹತ್ತ್ರಿ, ಇಬ್ಬರದೂ ಕೂಡೇ ಕಟ್ಟಿ ಬರೂಣು" ಎಂದ. ದಾರಿಯುದ್ದಕ್ಕೂ ಬೈದ. ನನ್ನ ಮಂಚಕ್ಕೆ ಬೈದ, ಸ್ಟೋವಿಗೆ ಬೈದ, ತನ್ನ ನಾಲಿಗೆಗೆ ಬೈದ, ದಿನಾ ಉಣ್ಣಲು ಬರುತ್ತಿರುವ ಕಾಕಾನ ಮಗನಿಗೆ ಬೈದ. ನಾಲ್ಕು ವರ್ಷದಲ್ಲಿ ನನ್ನ ಜೊತೆ ಇಷ್ಟು ಹೊತ್ತು ಯಾರೂ ಮಾತಾಡಿರಲಿಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗೆಲ್ಲ ನನಗೆ ಖುಷಿಯಾಗುತ್ತಿತ್ತು.

ಕೌಂಟರಿನಲ್ಲಿ ಸಾಲೇ ಇರಲಿಲ್ಲ. ಹಿಂದೆ ಚಪಾತಿ ತಿಂದ ಕಟ್ಟೆ ಖಾಲಿ ಬಿದ್ದಿತ್ತು. ಒಳಗಿನ ಗುಮಾಸ್ತ ನನ್ನ ಬೆವರು ನೋಡಿ ಮರುಗಿದ. "ಕಾಕಾ, ಇಂಥಾ ಬಿಸಲಾಗ ಯಾಕ ಬಂದ್ರಿ? ಮನಿಯಾಗ ಕುಂತು ಫೋನಿನ್ಯಾಗ ಕಟ್ಟಬಹುದಿತ್ತಲ್ಲ?"

"ನಿಮ್ಮ ಕಂಪ್ಯೂಟರಿನ್ಯಾಗ ನೋಡ್ರಿ" ಅಂದೆ. "ನನಗ ಮನಿ ಎಲ್ಲೈತಿ?"

ಅವನು ನಿಜವಾಗಿಯೂ ನೋಡಿದ. ಅಂದದ್ದು ತಮಾಷೆಗೇ, ಆದರೆ ಅವನು ನೋಡುವಾಗ ನಾನೂ ಪರದೆಯ ಕಡೆ ಬಗ್ಗಿದೆ.

ಅಷ್ಟರಲ್ಲಿ ಬೇಕರಿಯವನು ನನ್ನ ಹೆಗಲ ಮೇಲಿಂದ ತಲೆ ತೂರಿಸಿದ. "ನಂದೂ ನೋಡ್ರಿ ಸಾಹೇಬ್ರ. ಇವರ ದೆಸಿಂದ ನಂದೂ ಮನಿ ಹೋಗೈತಿ! ಇನ್ನ ಮ್ಯಾಲೆ ವರ್ಷಾ ಇಬ್ಬರೂ ಇಲ್ಲೇ ಬರಾವ್ರು. ಕುಂದರಾಕ ಎರಡು ಕುರ್ಚಿ ಹಾಕಸ್ರಿ!"